ಕೆಂಡವೋ, ಗ್ಯಾಸೋ?

ಮಂಗಳೂರಿನ ನಂತೂರಿನಿಂದ ಮೂಡುಬಿದಿರೆಯ ದಾರಿ ಹಿಡಿದು ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಬಿಕರ್ನಕಟ್ಟೆ ಸಿಕ್ಕುವುದು. ಬಾಲಯೇಸುವಿನ ಪುಣ್ಯಕ್ಷೇತ್ರದ ಕಾರಣದಿಂದ ಈ ಹೆಸರು ದೂರದೂರಿನವರಿಗೂ ಪರಿಚಿತವಾಗಿದೆ. ನನ್ನ ಅಕ್ಕನ ಮನೆ ಇರುವುದು ಇಲ್ಲಿಯೇ. ಹಿಂದೆ ಅಲ್ಲಿ ಮುರಕಲ್ಲಿನ ಗೋಡೆಯ, ಹಂಚಿನ ಮಾಡಿನ ಮನೆಯೊಂದಿತ್ತು, ಮುಂದೆ ಅಂಗಳವಿತ್ತು, ಅಂಗಳದ ಮೂಲೆಯಲ್ಲಿ ಒಣಗಿದ ಮಡಲು, ಗೆರಟೆಗಳ ರಾಶಿಯಿತ್ತು. ಈಗ ಅದೇ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೆದ್ದಿದೆ. ಅಕ್ಕನ ಸಂಸಾರ ಮೂರನೆಯ ಅಂತಸ್ತಿನಲ್ಲಿದೆ. ಹಳೆಯ ಮನೆಯಿಂದ ಉಳಿದು ಬಂದ ಸಾಮಾನುಗಳಲ್ಲಿ ಅಕ್ಕನ ಅತ್ತೆಯವರ ಕಬ್ಬಿಣದ ಶೆಗಡಿಯೂ ಒಂದು.

ಒಂದು ಮೇ ತಿಂಗಳಿನಲ್ಲಿ ಈ ಮನೆಯಲ್ಲಿ ಒಂದು ಸಣ್ಣ ವಾಗ್ಯುದ್ಧ ಪ್ರಾರಂಭವಾಯಿತು. ಕೊಲ್ಲಿ ನಾಡಿನಿಂದ ರಜೆಯ ಮೇಲೆ ಬಂದಿದ್ದ ಭಾವನ ತಮ್ಮ, ಮನೆಗೊಂದು ಬಾರ್ಬೆಕ್ಯೂ ಕೊಳ್ಳಬೇಕೆಂದು ಹಟ ಹಿಡಿದ. ಕೊಳ್ಳುವುದರ ಬಗ್ಗೆ ಯಾರಿಗೂ ಆಕ್ಷೇಪವಿರಲಿಲ್ಲ. ಇದ್ದಿಲಿನದು ಕೊಳ್ಳಬೇಕೋ, ಗ್ಯಾಸಿನದು ಕೊಳ್ಳಬೇಕೋ ಎಂಬಲ್ಲಿ ಮಾತು ಬೆಳೆಯಿತು.

"ಗ್ಯಾಸಿನ ಮೇಲೆ ಬೇಯಿಸಿದ್ದು ಬಾರ್ಬೆಕ್ಯೂ ಆಗುವುದಿಲ್ಲ ಅಣ್ಣ. ಅದು ಬರಿಯ ಅಡುಗೆ" ಎಂದ ತಮ್ಮ.

"ನೀನು ರಜೆ ಮುಗಿಸಿ ವಿಮಾನ ಹತ್ತುತ್ತೀ. ಆಮೇಲೆ ಈ ಮಸಿಯನ್ನೆಲ್ಲ ತಿಕ್ಕುವವರು ಯಾರು ಮಾರಾಯ?" ಎಂದರು ಭಾವ.

"ತಿಕ್ಕುವವಳನ್ನು ಇಬ್ಬರೂ ಇನ್ನೂ ಕೇಳಲಿಲ್ಲ" ಎಂದು ಅಕ್ಕ ಅಡುಗೆಮನೆಯಿಂದಲೇ ಉತ್ತರವಿತ್ತಳು.

ಆ ಮಾತಿಗೆ ಇಬ್ಬರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಈ ಪ್ರಶ್ನೆ ಇಂದು ಬಿಕರ್ನಕಟ್ಟೆಯ ಒಂದು ಮನೆಯದಷ್ಟೇ ಅಲ್ಲ. ನಮ್ಮ ನಗರಗಳ ಅನೇಕ ಮನೆಗಳಲ್ಲಿ ಅದು ಎದ್ದಿರುವುದರಿಂದ ಸ್ವಲ್ಪ ವಿಚಾರ ಮಾಡುವುದು ಒಳ್ಳೆಯದು.

ಹೆಸರು ಹೊಸದು, ರುಚಿ ಹಳೆಯದು

ಬಾರ್ಬೆಕ್ಯೂ ಎಂಬ ಮಾತಿನ ಮೂಲ ಕೆರಿಬಿಯನ್ ದ್ವೀಪಗಳ ಆದಿವಾಸಿಗಳ ಭಾಷೆಯಲ್ಲಿದೆ. ಬೆಂಕಿಯ ಮೇಲೆ ಕಟ್ಟಿದ ಕೋಲುಗಳ ಅಟ್ಟಣಿಗೆಗೆ ಅವರು ಇಟ್ಟಿದ್ದ ಹೆಸರು ಸ್ಪಾನಿಷರ ಬಾಯಲ್ಲಿ 'ಬಾರ್ಬಕೋವಾ' ಆಗಿ, ಮುಂದೆ ಇಂಗ್ಲಿಷಿಗೆ ಬಂದಿತು. ಈಗ ಎಲ್ಲೆಡೆ ಕಾಣುವ ಗುಂಡನೆಯ, ಮುಚ್ಚಳವುಳ್ಳ ಇದ್ದಿಲಿನ ಬಾರ್ಬೆಕ್ಯೂವನ್ನು 1952ರಲ್ಲಿ ಅಮೆರಿಕದ ಷಿಕಾಗೋ ಬಳಿಯ ಜಾರ್ಜ್ ಸ್ಟೀಫನ್ ಎಂಬಾತ ರೂಪಿಸಿದ. ಸಮುದ್ರದ ತೇಲುಬುರುಡೆಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಆತನಿಗೆ ಕೆಲಸ. ಅಂತಹ ಒಂದು ಬುರುಡೆಯನ್ನು ಎರಡು ಹೋಳು ಮಾಡಿ, ಕೆಳಗಿನದನ್ನು ಒಲೆಯಾಗಿಯೂ ಮೇಲಿನದನ್ನು ಮುಚ್ಚಳವಾಗಿಯೂ ಬಳಸಿದನಂತೆ.

ಹೆಸರು ಪರದೇಶದ್ದಾದರೂ ಕೆಂಡದ ಮೇಲೆ ಸುಡುವ ವಿದ್ಯೆಯನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿ ಮಾಂಸದ ತುಂಡುಗಳನ್ನು ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ವಿಧಾನ ವರ್ಣಿತವಾಗಿದೆ. ಶಾಕಾಹಾರಿಗಳಾದ ವಾಚಕರೂ ಇಲ್ಲಿ ಪುಟ ಮಗುಚಬೇಕಾಗಿಲ್ಲ. ಒಲೆಯ ಕೆಂಡದಲ್ಲಿ ಹುದುಗಿಸಿ ಸುಟ್ಟ ಬದನೆಕಾಯಿಯ ಗೊಜ್ಜು, ಕೆಂಡದ ಮೇಲೆ ಹಿಡಿದು ಸುಟ್ಟ ಹಲಸಿನ ಹಪ್ಪಳ, ಸಮುದ್ರ ತೀರದಲ್ಲಿ ಬೀಸಣಿಗೆ ಬೀಸುತ್ತ ಸುಟ್ಟುಕೊಡುವ ಜೋಳದ ತೆನೆ, ಇವೆಲ್ಲವೂ ಇದೇ ವಂಶದವು.

ಪಾಶ್ಚಾತ್ಯರು 'ಸ್ಟೇಕ್' ಎನ್ನುವುದು ಸಾಮಾನ್ಯವಾಗಿ ದನದ ಮಾಂಸದ ದಪ್ಪ ಹೋಳನ್ನು. ಆದರೆ ದೊಡ್ಡ ಮೀನನ್ನು ಮುಳ್ಳಿನ ಸಮೇತ ಅಡ್ಡಲಾಗಿ ಕೊಯ್ದ ಹೋಳಿಗೂ ಅದೇ ಹೆಸರು ಸಲ್ಲುತ್ತದೆ. ಹಾಗೆ ನೋಡಿದರೆ ಮಂಗಳೂರಿನವರ ಸ್ಟೇಕ್ ಎಂದರೆ ಅಂಜಲ್ ಮೀನಿನ ದಪ್ಪ ಹೋಳು. ಅಕ್ಕನ ಮನೆಯಲ್ಲಿ ಪರೀಕ್ಷೆಗೆ ಒಳಗಾದುದೂ ಅದೇ.

ರುಚಿ ಎಲ್ಲಿಂದ ಬರುತ್ತದೆ?

ಸುಟ್ಟ ಪದಾರ್ಥದ ಕಂದು ಬಣ್ಣ ಮತ್ತು ಅದರ ಪರಿಮಳಕ್ಕೆ ಮುಖ್ಯ ಕಾರಣವಾದ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಾಮಿಲ್ ಮೇಯಾರ್ ಎಂಬ ರಸಾಯನಶಾಸ್ತ್ರಜ್ಞ ವಿವರಿಸಿದ. ಆಹಾರದಲ್ಲಿರುವ ಸಕ್ಕರೆಯ ಅಂಶವೂ ಪ್ರೋಟೀನಿನ ಘಟಕಗಳೂ ಶಾಖದಲ್ಲಿ ಕೂಡಿ ನೂರಾರು ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ. ಈ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿ ಸೆಂಟಿಗ್ರೇಡಿನ ಮೇಲೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಹೋಳಿನ ಮೇಲೆ ನೀರಿನ ಪಸೆ ಇರುವವರೆಗೆ ಅದರ ಮೈ 100 ಡಿಗ್ರಿಯನ್ನು ದಾಟಲಾರದು; ಅದು ಬೇಯುವುದೇ ಹೊರತು ಕಂದಾಗುವುದಿಲ್ಲ. ಆದುದರಿಂದ ಬೆಂಕಿ ಯಾವುದೇ ಇರಲಿ, ಹೋಳನ್ನು ಬಟ್ಟೆಯಿಂದ ಒತ್ತಿ ಒರೆಸುವುದೇ ಮೊದಲನೆಯ ಪಾಠ.

ಹೊರಮೈಯನ್ನು ಕೆಂಪಗೆ ಸುಟ್ಟರೆ ರಸವು ಒಳಗೇ ಬಂಧಿತವಾಗುತ್ತದೆ ಎಂಬ ನಂಬಿಕೆಯೊಂದಿದೆ. 1847ರಲ್ಲಿ ಜರ್ಮನಿಯ ಲೀಬಿಗ್ ಎಂಬ ಪ್ರಸಿದ್ಧ ವಿಜ್ಞಾನಿ ಪ್ರಚಾರ ಮಾಡಿದ ಈ ವಾದ ಮುಂದೆ ಪ್ರಯೋಗಗಳಿಂದ ಸುಳ್ಳೆಂದು ತಿಳಿದುಬಂದಿತು. ಸುಟ್ಟ ಮೈ ರುಚಿಯನ್ನು ಕೊಡುತ್ತದೆಯೇ ಹೊರತು ರಸಕ್ಕೆ ಬಾಗಿಲು ಹಾಕುವುದಿಲ್ಲ. ರಸ ಉಳಿಯಬೇಕಾದರೆ ಅತಿಯಾಗಿ ಬೇಯಿಸದಿರುವುದೊಂದೇ ದಾರಿ.

ಇನ್ನು ಇದ್ದಿಲಿನ ವಿಷಯ. ಕಟ್ಟಿಗೆಯನ್ನಾಗಲಿ ಗೆರಟೆಯನ್ನಾಗಲಿ ಸಾಕಷ್ಟು ಗಾಳಿ ಸಿಗದಂತೆ ಕಾಯಿಸಿದರೆ ನೀರೂ ಹೊಗೆಯಾಗುವ ದ್ರವ್ಯಗಳೂ ಹೊರಟುಹೋಗಿ ಬಹುಪಾಲು ಇಂಗಾಲ ಮಾತ್ರ ಉಳಿಯುತ್ತದೆ. ಅದೇ ಇದ್ದಿಲು. ಅರ್ಥಾತ್, ಹೊಗೆ ಕೊಡುವ ಅಂಶವನ್ನೆಲ್ಲ ಕಳೆದುಕೊಂಡ ಮೇಲೆಯೇ ಅದು ಇದ್ದಿಲೆನಿಸಿಕೊಳ್ಳುವುದು! ಹಾಗಾದರೆ ಕೆಂಡದ ಮೇಲೆ ಸುಟ್ಟುದಕ್ಕೆ ಆ ಹೊಗೆಯ ಸುವಾಸನೆ ಎಲ್ಲಿಂದ? ಬಹುಮಟ್ಟಿಗೆ, ಹೋಳಿನಿಂದ ಕರಗಿ ಕೆಂಡದ ಮೇಲೆ ತೊಟ್ಟಿಕ್ಕುವ ಕೊಬ್ಬಿನಿಂದ. ಆ ಹನಿ ಉರಿದು ಆವಿಯಾಗಿ ಮೇಲೆದ್ದು ಹೋಳಿಗೇ ಅಂಟಿಕೊಳ್ಳುತ್ತದೆ. ಗ್ಯಾಸಿನ ಬಾರ್ಬೆಕ್ಯೂವಿನಲ್ಲಿ ಉರಿಯ ಮೇಲೆ ಲೋಹದ ತಗಡುಗಳನ್ನೋ ಕಲ್ಲುಗಳನ್ನೋ ಇಡುವುದು ಈ ಕಾರಣಕ್ಕಾಗಿಯೇ. ಕಾದ ತಗಡಿನ ಮೇಲೆ ಬಿದ್ದ ಕೊಬ್ಬೂ ಆವಿಯಾಗಿ ಮೇಲೇರುತ್ತದೆ.

ಎರಡಕ್ಕೂ ನಿಜವಾದ ವ್ಯತ್ಯಾಸವೂ ಇದೆ. ಕೆಂಡ ತನ್ನ ಕಾವನ್ನು ಬಿಸಿಲಿನಂತೆ ನೇರವಾಗಿ ಬೀರುತ್ತದೆ ಮತ್ತು ಅದರ ಕಾವು ಒಣಕಾವು. ಅಡುಗೆಯ ಗ್ಯಾಸು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅದು ಉರಿದಾಗ ನೀರಾವಿ ಹುಟ್ಟುತ್ತದೆ. ಒಂದು ಕಿಲೋ ಗ್ಯಾಸು ಉರಿದರೆ ಸುಮಾರು ಒಂದೂವರೆ ಕಿಲೋವಿಗೂ ಮಿಗಿಲಾದ ನೀರಾವಿ ಹೊರಬರುವುದು. ಆದುದರಿಂದ ಗ್ಯಾಸಿನ ಬಾರ್ಬೆಕ್ಯೂವನ್ನು ಹತ್ತು ಹದಿನೈದು ನಿಮಿಷ ಮುಚ್ಚಳ ಹಾಕಿ ಚೆನ್ನಾಗಿ ಕಾಯಿಸದೆ ಹೋಳನ್ನಿಟ್ಟರೆ ಕಂದು ಬಣ್ಣ ಬೇಗ ಬಾರದು. ಕೊಂಡವರು ಅನೇಕರು ಎಡವುವುದು ಇಲ್ಲಿಯೇ.

ತಾರಸಿಯ ಮೇಲಿನ ಪರೀಕ್ಷೆ

ಮಾತಿನಿಂದ ತೀರದ ವ್ಯಾಜ್ಯವನ್ನು ನಾಲಗೆಯಿಂದಲೇ ತೀರಿಸೋಣವೆಂದು ಒಂದು ಶನಿವಾರ ಸಂಜೆ ಎಲ್ಲರೂ ತಾರಸಿಗೆ ಹೊರಟೆವು. ಗ್ಯಾಸಿನ ಬಾರ್ಬೆಕ್ಯೂವನ್ನು ಭಾವ ಸ್ನೇಹಿತರೊಬ್ಬರಿಂದ ಎರವಲು ತಂದರು. ಇನ್ನೊಂದು ಬದಿಗೆ ಅತ್ತೆಯವರ ಹಳೆಯ ಶೆಗಡಿ, ಅದರ ಮೇಲೊಂದು ಕಂಬಿಯ ಜಾಲರಿ. ಒಂದೇ ಅಂಜಲ್ ಮೀನಿನ ಹೋಳುಗಳು, ಒಂದೇ ಮಸಾಲೆ: ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಜೀರಿಗೆ, ಅರಿಸಿನ, ಉಪ್ಪು, ಹುಣಸೆಹುಳಿ. ಜತೆಗೆ ಚರ್ಮ ಸಹಿತವಾದ ಕೋಳಿಯ ತೊಡೆಗಳು.

ಕೆಂಡ ಸಿದ್ಧವಾಗಲು ಅರ್ಧ ಗಂಟೆ ಹಿಡಿಯಿತು. ಸೀಮೆಎಣ್ಣೆ ಸುರಿಯಲು ಹೊರಟ ಮೈದುನನ ಕೈಯಿಂದ ಅತ್ತೆಯವರು ಶೀಸೆಯನ್ನು ಕಿತ್ತುಕೊಂಡರು. "ಮೀನಿಗೆ ಹಚ್ಚಿದ ಮಸಾಲೆ ಸಾಲದೇ? ಸೀಮೆಎಣ್ಣೆ ಬೇರೆ ಬೇಕೇ?" ಎಂದು ಗದರಿ, ಒಣ ತೆಂಗಿನ ನಾರು, ಎರಡು ಗೆರಟೆ ಇಟ್ಟು ಬೆಂಕಿ ಹೊತ್ತಿಸಿದರು. ಜ್ವಾಲೆಯೆಲ್ಲ ಅಡಗಿ, ಇದ್ದಿಲಿನ ಮೇಲೆ ಬೂದಿಯ ತೆಳುವಾದ ಪೊರೆ ಬರುವ ತನಕ ಜಾಲರಿಯನ್ನು ಮುಟ್ಟಗೊಡಲಿಲ್ಲ. ಕೆಂಡವನ್ನು ಒಂದು ಬದಿಗೆ ಎತ್ತರವಾಗಿಯೂ ಇನ್ನೊಂದು ಬದಿಗೆ ತೆಳುವಾಗಿಯೂ ಹರಡಿಸಿದರು. ಎತ್ತರದ ಕಡೆ ಮೈ ಕಂದಾಗುವುದಕ್ಕೆ. ತೆಳುವಿನ ಕಡೆ ಒಳಗೆ ಬೇಯುವುದಕ್ಕೆ. ಇದನ್ನೇ ಇಂದಿನ ಬಾರ್ಬೆಕ್ಯೂ ಪುಸ್ತಕಗಳು ದೊಡ್ಡ ಗುಟ್ಟೆಂಬಂತೆ ಹೇಳುತ್ತವೆ.

ಆರು ಮಂದಿಯ ಕಣ್ಣಿಗೆ ಬಟ್ಟೆ ಕಟ್ಟಿ ತಿನ್ನಲು ಕೊಟ್ಟೆವು. ಮೀನಿನ ಹೋಳು ಯಾವ ಬೆಂಕಿಯದೆಂದು ಸರಿಯಾಗಿ ಹೇಳಿದವರು ಮೂವರು, ತಪ್ಪಿದವರು ಮೂವರು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಫಲ ಸಿಗುತ್ತಿತ್ತು! ಗ್ಯಾಸಿನದನ್ನು ಬಾಯಿಗಿಟ್ಟು "ಇದು ಕೆಂಡದ್ದೇ, ಸಂಶಯವೇ ಇಲ್ಲ" ಎಂದವನು ಕೊಲ್ಲಿ ನಾಡಿನ ಮೈದುನನೇ. ಕೋಳಿಯ ವಿಷಯದಲ್ಲಿ ಮಾತ್ರ ಐವರು ಕೆಂಡವನ್ನು ಗುರುತಿಸಿದರು. ಹೆಚ್ಚು ಹೊತ್ತು ಬೆಂಕಿಯ ಮೇಲಿದ್ದು, ಚರ್ಮದ ಕೊಬ್ಬು ಚೆನ್ನಾಗಿ ತೊಟ್ಟಿಕ್ಕಿದ್ದರಿಂದ ಹಾಗಾಯಿತು.

ಈ ಮನೆಯ ಪರೀಕ್ಷೆಗೆ ಪ್ರಯೋಗಶಾಲೆಯ ಬೆಲೆಯಿಲ್ಲದಿದ್ದರೂ ಮೇಲಿನ ಶಾಸ್ತ್ರಕ್ಕೆ ಅದು ಸರಿಹೊಂದುತ್ತದೆ. ನಾಲ್ಕೈದು ನಿಮಿಷದಲ್ಲಿ ಮಗುಚಿ ಇಳಿಸುವ ತೆಳು ಹೋಳಿಗೆ ಯಾವ ಬೆಂಕಿಯಾದರೂ ಸರಿಯೆ. ಕೊಬ್ಬುಳ್ಳ ಮಾಂಸಕ್ಕೆ, ನಿಧಾನವಾಗಿ ಸುಡುವ ತುಂಡಿಗೆ ಕೆಂಡ ಸ್ವಲ್ಪ ಹೆಚ್ಚಿನದನ್ನು ಕೊಡುತ್ತದೆ. ಆ ಸ್ವಲ್ಪಕ್ಕೆ ಎಷ್ಟು ಬೆಲೆ ತೆರಬೇಕೆಂಬುದು ಮುಂದಿನ ಶನಿವಾರ ನಮಗೆ ತಿಳಿಯಿತು.

ವಾಸನೆಯಿಲ್ಲದ ಅಪಾಯ

ಪರೀಕ್ಷೆಯ ಉತ್ಸಾಹದಲ್ಲಿ ಮರುವಾರ ನೆಂಟರನ್ನೂ ಕರೆದಿದ್ದರು. ಕೆಂಡ ಸಿದ್ಧವಾಗಿ ಮೊದಲ ಹೋಳುಗಳನ್ನು ಇಟ್ಟಿದ್ದೆವಷ್ಟೆ. ಮೂಡಣದಿಂದ ಗುಡುಗು ಕೇಳಿಸಿ, ಮಳೆ ಹೊಯ್ಯತೊಡಗಿತು. ಮೈದುನನೂ ನಾನೂ ಶೆಗಡಿಯನ್ನು ಬಟ್ಟೆಯಲ್ಲಿ ಹಿಡಿದೆತ್ತಿ ಮೂರನೆಯ ಅಂತಸ್ತಿಗೆ ತಂದು ಬಾಲ್ಕನಿಯಲ್ಲಿಟ್ಟೆವು. ಆ ಬಾಲ್ಕನಿಗೆ ಭಾವ ಗಾಜಿನ ಕಿಟಕಿಗಳನ್ನು ಕೂಡಿಸಿದ್ದರು. ಎರಚಲು ಒಳಗೆ ಬರುತ್ತಿದ್ದುದರಿಂದ ಅವುಗಳನ್ನು ಎಳೆದು ಮುಚ್ಚಿದೆವು. ಕೆಂಡ ನಿಗಿನಿಗಿ ಉರಿಯುತ್ತಿತ್ತು. ಹೊಗೆ ಒಂದಿಷ್ಟೂ ಇರಲಿಲ್ಲ. ಹೊಗೆಯಿಲ್ಲವೆಂದು ಎಲ್ಲರಿಗೂ ಧೈರ್ಯ. ಬಾಲ್ಕನಿಯ ಬಾಗಿಲಿನ ಬಳಿಯಲ್ಲಿಯೇ ಮಕ್ಕಳು ಕೇರಂ ಹಲಗೆ ಹಾಕಿ ಕುಳಿತರು. ಊಟವೂ ಮುಗಿಯಿತು. ಉಳಿದ ಕೆಂಡವನ್ನು ತಾನಾಗಿ ಆರಲೆಂದು ಅಲ್ಲಿಯೇ ಬಿಟ್ಟೆವು.

ಸ್ವಲ್ಪ ಹೊತ್ತಿನಲ್ಲಿ ಅಕ್ಕನ ಕಿರಿಯ ಮಗಳು ತಲೆನೋವೆಂದಳು. ಊಟ ಹೆಚ್ಚಾಯಿತೆಂದು ನಾವು ನಕ್ಕೆವು. ಅವಳ ಅಣ್ಣ ಕೇರಂ ಹಲಗೆಯ ಮೇಲೆಯೇ ತಲೆಯೊರಗಿಸಿದ. ನನಗೂ ಕಣ್ಣು ಭಾರವಾಗಿ ಹೊಟ್ಟೆ ತೊಳಸಿದಂತಾಗುತ್ತಿತ್ತು, ದಣಿವಿರಬೇಕೆಂದುಕೊಂಡೆ. ಒಳಕೋಣೆಯಲ್ಲಿ ಮಲಗಿದ್ದ ಅತ್ತೆಯವರು ಮಗುವಿನ ವಾಂತಿಯ ಸದ್ದಿಗೆ ಎದ್ದು ಬಂದು ಕೇಳಿದುದು ಒಂದೇ ಪ್ರಶ್ನೆ:

"ಕೆಂಡ ಎಲ್ಲಿಟ್ಟಿದ್ದೀರಿ?"

ಉತ್ತರಕ್ಕೆ ಕಾಯದೆ ಅವರೇ ಹೋಗಿ ಕಿಟಕಿಗಳನ್ನೆಲ್ಲ ಸರಿಸಿದರು, ಮುಂಬಾಗಿಲನ್ನು ತೆರೆಸಿದರು, ಮಕ್ಕಳನ್ನು ಮೆಟ್ಟಿಲಿನ ಬಳಿಯ ಗಾಳಿಗೆ ಕಳುಹಿಸಿದರು. ಭಾವ ತಡಮಾಡದೆ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಆಮ್ಲಜನಕ ಕೊಟ್ಟು ರಾತ್ರಿಯೆಲ್ಲ ನೋಡಿಕೊಂಡು ಬೆಳಿಗ್ಗೆ ಮನೆಗೆ ಕಳುಹಿಸಿದರು. "ಎಲ್ಲರೂ ಹಾಗೆಯೇ ಮಲಗಿ ನಿದ್ರಿಸಿದ್ದರೆ ಬೆಳಿಗ್ಗೆ ಏಳುತ್ತಿದ್ದಿರೋ ಇಲ್ಲವೋ" ಎಂದು ವೈದ್ಯರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಕೆಂಡ ಉರಿಯುವಾಗ ಗಾಳಿ ಸಾಲದೆ ಹೋದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೆಚ್ಚಾಗಿ ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಂಡು, ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ, ನಿದ್ರೆಯ ಮಂಪರು, ಇವೇ ಅದರ ಲಕ್ಷಣಗಳು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಏಕಕಾಲದಲ್ಲಿ ಇವು ಕಾಣಿಸಿದರೆ ಊಟದ ಮೇಲೆ ತಪ್ಪು ಹೊರಿಸುತ್ತ ಕೂರದೆ ಎಲ್ಲರೂ ಹೊರಗಿನ ಗಾಳಿಗೆ ಹೋಗಬೇಕು. ಕೂಡಲೇ ವೈದ್ಯರನ್ನು ಕಾಣಬೇಕು.

ಗ್ಯಾಸಿನಲ್ಲಿ ಅಪಾಯವಿಲ್ಲವೆಂದು ಯಾರೂ ಹೇಳಲಾರರು. ಆದರೆ ಅದರೊಳಗೆ ಬೇಕೆಂದೇ ಒಂದು ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಸೋರಿದರೆ ಮೂಗು ಕೂಗಿ ಹೇಳುತ್ತದೆ. ಕೆಂಡದ ವಿಷಕ್ಕೆ ಅಂತಹ ಗಂಟೆಯಿಲ್ಲ.

ಬದಲಾದುದು ಮನೆ

ಮರುದಿನ ಅತ್ತೆಯವರೊಡನೆ ಕುಳಿತಾಗ ನಾನು ಕೇಳಿದೆ: "ಅಷ್ಟು ವರ್ಷ ನೀವು ಮನೆಯೊಳಗೇ ಕೆಂಡ ಇಟ್ಟುಕೊಂಡು ಅಡುಗೆ ಮಾಡಿದಿರಲ್ಲ. ಆಗ ಏನೂ ಆಗಲಿಲ್ಲವೇ?"

ಅವರು ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಆ ಮನೆ ಉಸಿರಾಡುತ್ತಿತ್ತು ಮಗಾ. ಹಂಚಿನ ಸಂದಿಯಲ್ಲಿ ಎಲ್ಲ ಹೊರಗೆ ಹೋಗುತ್ತಿತ್ತು. ಇದು ಡಬ್ಬಿ. ಮತ್ತೆ, ಏನೂ ಆಗಲಿಲ್ಲ ಎಂದು ಯಾರು ಹೇಳಿದರು? ನಮ್ಮ ಕಣ್ಣು, ನಮ್ಮ ಎದೆ ಕೇಳಿ ನೋಡು."

ಈ ಎರಡು ಮಾತುಗಳಲ್ಲಿ ಎಲ್ಲವೂ ಅಡಗಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಮಂಗಳೂರಿನ ಹಂಚು ಕರಾವಳಿಯ ಮನೆಗಳ ಮೇಲೆಲ್ಲ ಕುಳಿತಿತು. ಹಂಚು ಹಂಚಿನ ನಡುವಣ ಸಂದಿಯಿಂದ ಮಳೆ ಒಳಗೆ ಬಾರದು. ಒಳಗಿನ ಬಿಸಿಗಾಳಿ ಮಾತ್ರ ಮೇಲೇರಿ ಹೊರಟುಹೋಗುವುದು. ಇಂದು ಆ ಮಾಡು ಹೋಗಿ ಕಾಂಕ್ರೀಟಿನ ಚಾವಣಿ ಬಂದಿದೆ. ಸರಿಸಿ ಮುಚ್ಚುವ ಗಾಜು ಬಂದಿದೆ. ಕೆಂಡ ಮೊದಲಿನಂತೆಯೇ ಇದೆ. ಅದನ್ನು ಸುತ್ತುವರಿದ ಮನೆ ಬದಲಾಗಿದೆ. ಹಳೆಯ ಅಭ್ಯಾಸವನ್ನು ಹೊಸ ಗೋಡೆಗಳ ನಡುವೆ ತಂದುದೇ ನಾವು ಮಾಡಿದ ತಪ್ಪು.

ಹೊಗೆಯ ನಡುವೆ ಊದುಕೊಳವೆ ಹಿಡಿದು ಕಣ್ಣು ಕೆಂಪಾಗಿಸಿಕೊಂಡವರು ಹೆಂಗಸರು ಎಂಬುದನ್ನೂ ಮರೆಯಬಾರದು. ಕೆಂಡದ ರುಚಿಯನ್ನು ಹಾಡಿ ಹೊಗಳುವವರು ಬಹುಮಟ್ಟಿಗೆ ಅದರ ಮುಂದೆ ದಿನವೂ ಕುಳಿತವರಲ್ಲ. ಇಂದು ಗ್ಯಾಸು ಮಂಗಳೂರಿನ ಮನೆಬಾಗಿಲಿಗೆ ಬಂದಿದೆ. ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರ್ ಉದ್ದದ ನೈಸರ್ಗಿಕ ಅನಿಲದ ಕೊಳವೆಮಾರ್ಗ 2021ರ ಜನವರಿ 5ರಂದು ಉದ್ಘಾಟನೆಗೊಂಡಿತು. ಈ ಸೌಕರ್ಯವನ್ನು ರುಚಿಯ ಹೆಸರಿನಲ್ಲಿ ಹಳಿಯುವುದು ಉಚಿತವಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ನಾಲಗೆಯನ್ನು ಕೇಳುವ ಮೊದಲು ತಲೆಯ ಮೇಲೇನಿದೆ ಎಂದು ನೋಡಿರಿ.

ತೆರೆದ ಅಂಗಳವಿದ್ದವರು, ಮೇಲೆ ಆಕಾಶವೇ ಇರುವ ತಾರಸಿಯುಳ್ಳವರು ಇದ್ದಿಲನ್ನು ಆರಿಸಿಕೊಳ್ಳಬಹುದು. ವರ್ಷಕ್ಕೆ ನಾಲ್ಕಾರು ಸಲ, ಕೊಬ್ಬುಳ್ಳ ಮಾಂಸ, ಸಾಕಷ್ಟು ಬಿಡುವು, ಬೂದಿ ಬಳಿಯುವುದಕ್ಕೆ ಮನೆಯ ಗಂಡಸರ ಒಪ್ಪಿಗೆ, ಇಷ್ಟಿದ್ದರೆ ಕೆಂಡದಷ್ಟು ಸೊಗಸು ಬೇರಿಲ್ಲ. ಕೆಲಸ ಮುಗಿದ ಮೇಲೆ ಕೆಂಡಕ್ಕೆ ನೀರು ಹೊಯ್ದು ಪೂರ್ತಿ ಆರಿಸಬೇಕು. ಮಳೆ ಬಂದರೆ ಶೆಗಡಿ ನೆನೆಯಲಿ. ಒಳಗೆ ಮಾತ್ರ ತರಬಾರದು.

ತಾರಸಿಯಿದ್ದೂ ಬಿಡುವಿಲ್ಲದವರಿಗೆ, ಪದೇ ಪದೇ ನೆಂಟರಿಷ್ಟರನ್ನು ಕರೆಯುವವರಿಗೆ ಗ್ಯಾಸಿನ ಬಾರ್ಬೆಕ್ಯೂ ಅನುಕೂಲ. ಉರಿಯನ್ನು ಏರಿಸಬಹುದು, ಇಳಿಸಬಹುದು. ಮುಗಿದ ಕೂಡಲೇ ಆರಿಸಬಹುದು. ಅದನ್ನೂ ಹೊರಗೆಯೇ ಬಳಸಬೇಕು. ಹೊತ್ತಿಸುವ ಮೊದಲು ರಬ್ಬರಿನ ಕೊಳವೆಯ ಕೀಲುಗಳಿಗೆ ಸಾಬೂನಿನ ನೀರು ಹಚ್ಚಿ ನೋಡಿರಿ. ಗುಳ್ಳೆಯೆದ್ದರೆ ಸೋರುತ್ತಿದೆ ಎಂದರ್ಥ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಸೋರಿದ್ದು ನೆಲದ ಮೇಲೆ, ತಗ್ಗಿನಲ್ಲಿ ನಿಲ್ಲುತ್ತದೆ.

ಬಾಲ್ಕನಿ ಮಾತ್ರವಿರುವ ಫ್ಲ್ಯಾಟಿನವರು ಎರಡನ್ನೂ ಕೊಳ್ಳಬೇಕಾಗಿಲ್ಲ. ಅಡುಗೆಮನೆಯ ಗ್ಯಾಸಿನ ಒಲೆಯೂ ದಪ್ಪನೆಯ ಕಬ್ಬಿಣದ ಕಾವಲಿಯೂ ಸಾಕು. ಒಂದಂಗುಲಕ್ಕಿಂತ ಸ್ವಲ್ಪ ಕಡಮೆ ದಪ್ಪದ ಅಂಜಲ್ ಹೋಳನ್ನು ಒರೆಸಿ, ಮಸಾಲೆ ತೆಳುವಾಗಿ ಸವರಿ, ಚೆನ್ನಾಗಿ ಕಾದ ಕಾವಲಿಗೆ ಎಣ್ಣೆ ಹಚ್ಚಿ, ಕಿಟಕಿ ತೆರೆದಿಟ್ಟು, ಒಂದೊಂದು ಬದಿಗೆ ನಾಲ್ಕು ನಿಮಿಷದಂತೆ ಸುಟ್ಟು ನೋಡಿರಿ. ಮುಳ್ಳಿನ ಬಳಿ ಮಾಂಸ ಬಿಳುಪಾಗಿ ಎಸಳೆಸಳಾಗಿ ಬಿಟ್ಟುಕೊಂಡರೆ ಬೆಂದಿದೆ ಎಂದು ತಿಳಿಯಬೇಕು.

ಕರಾವಳಿಯವರಿಗೆ ಇನ್ನೊಂದು ಮಾತು. ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುವುದರಿಂದ ತಾಜಾ ಅಂಜಲ್ ಸಿಗುವುದೇ ದುರ್ಲಭ. ವರ್ಷದ ಮೂರನೆಯ ಒಂದು ಪಾಲು ಮೂಲೆಯಲ್ಲಿ ತುಕ್ಕು ಹಿಡಿಯುವ ವಸ್ತುವಿಗೆ ಎಷ್ಟು ಹಣ ಹಾಕಬೇಕೆಂಬುದನ್ನು ಪ್ರತಿಯೊಬ್ಬರೂ ಲೆಕ್ಕ ಹಾಕಿಕೊಳ್ಳಲಿ.

ಅಕ್ಕನ ಮನೆಯಲ್ಲಿ ಕೊನೆಗೆ ಏನನ್ನೂ ಕೊಳ್ಳಲಿಲ್ಲ. ಮೈದುನ ವಿಮಾನ ಹತ್ತುವ ಮೊದಲು ಶೆಗಡಿಯನ್ನು ತಾನೇ ತಿಕ್ಕಿ ತೊಳೆದು, ಎಣ್ಣೆ ಸವರಿ, ತಾರಸಿಯ ಮೆಟ್ಟಿಲಿನ ಕೆಳಗೆ ಇಟ್ಟುಹೋದ. ಮಳೆಗಾಲ ಕಳೆದ ಮೇಲೆ, ಆಕಾಶ ತಿಳಿಯಾದ ದಿನ ನೋಡಿ, ಅದನ್ನು ಮೇಲಕ್ಕೆ ಒಯ್ಯುತ್ತಾರೆ. ಬೆಂಕಿ ಹೊತ್ತಿಸುವವರು ಭಾವ. ಬೀಸಣಿಗೆ ಹಿಡಿಯುವವರು ಮಕ್ಕಳು. ಬೂದಿ ಎತ್ತುವವರೂ ಭಾವನೇ. ಅಕ್ಕ ಕುರ್ಚಿಯಲ್ಲಿ ಕುಳಿತಿರುತ್ತಾಳೆ. ಕೆಳಗೆ ಇಳಿಯುವ ಮೊದಲು ಅತ್ತೆಯವರು ಮಾತ್ರ ಪ್ರತಿ ಸಲವೂ ತಪ್ಪದೆ ಕೇಳುತ್ತಾರೆ:

"ಕೆಂಡ ಆರಿತೇ? ಮುಟ್ಟಿ ನೋಡಿದ್ದೀರಾ?"